ನಂದಿಬೆಟ್ಟದ ಪ್ರವಾಸ ಮತ್ತು ಮೊಬೈಲ್ ವಿಷಯ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಎಂಟನೇ ಕ್ಲಾಸಿನ ಮಕ್ಕಳು ನಂದಿಬೆಟ್ಟಕ್ಕೆ ಹೋಗಿಬಂದ ಮೇಲೆ ನಿಮ್ಮಲ್ಲಿ ಹಲವರು ಶಾಲೆಗೆ ಬಂದು ಬೇಜಾರು ಹೇಳಿಕೊಂಡಿರಿ. ಟಿಪ್ಪು ಡ್ರಾಪ್ ಅನ್ನುವ ಕಡಿದಾದ ಪ್ರಪಾತದ ಹತ್ತಿರ ಹುಡುಗನೊಬ್ಬ ಸೆಲ್ಫಿಗೆಂದು ಗೋಡೆ ಹತ್ತಿದ್ದು ನಿಜ. ಒಂದು ಕೈಲಿ ಮೊಬೈಲ್, ಇನ್ನೊಂದು ಕೈಗೆ ಹಿಡಿತವೇ ಇಲ್ಲ. ಮೇಷ್ಟ್ರು ಎರಡು ಹೆಜ್ಜೆ ಹಿಂದೆಯೇ ಇದ್ದರು, ಅಂಗಿ ಹಿಡಿದು ಇಳಿಸಿದರು. ಯಾರೂ ನೋಡಿಕೊಳ್ಳಲಿಲ್ಲ ಅನ್ನುವ ಮಾತು ಸರಿಯಲ್ಲ. ಆದರೆ ನಿಮ್ಮ ಹೆದರಿಕೆ ಅರ್ಥವಾಗುತ್ತದೆ. ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ.

ಹಾಗಂತ ಒಂಬತ್ತನೇ ಕ್ಲಾಸಿನ ನಂದಿಬೆಟ್ಟದ ಪ್ರವಾಸ ನಿಲ್ಲಿಸುವುದಿಲ್ಲ. ವಾಟರ್ ಪಾರ್ಕಿಗೆ ಹೋಗಬಾರದಾ, ಬೆಟ್ಟದಲ್ಲಿ ಏನಿದೆ ಎಂದು ಕೇಳಿದಿರಿ. ನಮ್ಮ ಹೊಸೂರಿನ ಹೊಳೆ ಇದೆ. ದಕ್ಷಿಣ ಪಿನಾಕಿನಿ ಹುಟ್ಟುವುದು ನಂದಿಬೆಟ್ಟದ ಸಾಲಿನ ಚೆನ್ನಕೇಶವ ಬೆಟ್ಟದಲ್ಲಿ. ಬೆಂಗಳೂರಿನ ಮಗ್ಗುಲಲ್ಲಿ ಹಾದು, ಅಲ್ಲಿನ ಕೊಳಚೆಯನ್ನೆಲ್ಲ ಹೊತ್ತು ಅದು ಕೆಲವರಪಳ್ಳಿ ಡ್ಯಾಮಿಗೆ ಬರುತ್ತದೆ. ನಮ್ಮ ಮಕ್ಕಳು ಕಂಡಿರುವುದು ಅಲ್ಲಿನ ಬಿಳಿ ನೊರೆಯನ್ನು, ಅದೂ ಮೂಗು ಮುಚ್ಚಿಕೊಂಡು. 1478 ಮೀಟರ್ ಎತ್ತರದಲ್ಲಿ ನಿಂತು ಟೀಚರ್ ಹೊಳೆ ಹುಟ್ಟುವ ಕಡೆ ಕೈ ತೋರಿಸಿದಾಗ, "ಅಲ್ಲಿ ನಮ್ಮ ಹೊಳೆ ನಾರಲ್ವಾ ಮಿಸ್?" ಎಂದು ಹುಡುಗಿಯೊಬ್ಬಳು ಕೇಳಿದಳಂತೆ. ಈ ಪ್ರಶ್ನೆ ಒಂಬತ್ತನೇ ಕ್ಲಾಸಿನವರಿಗೂ ಹುಟ್ಟಬೇಕು ಅನ್ನುವುದು ನನ್ನ ಆಸೆ.

ಈಗ ಮೊಬೈಲ್ ವಿಷಯ. ಈ ಸಲ ಮಕ್ಕಳು ಮೊಬೈಲ್ ತರುವ ಹಾಗಿಲ್ಲ. ಮಗು ಎಲ್ಲಿದೆಯೋ ಎಂದು ಮನೆಯಲ್ಲಿ ಕಾಯುತ್ತ ಕೂರುವುದು ಕಷ್ಟ, ಅಲ್ವಾ. ಅದಕ್ಕೇ ಜೊತೆಗೆ ಹೋಗುವ ನಾಲ್ಕೂ ಟೀಚರ್‌ಗಳ ಕೈಲಿ ಫೋನ್ ಇರುತ್ತದೆ. ಅತ್ತಿಬೆಲೆ ದಾಟಿದಾಗ, ಬೆಟ್ಟ ತಲುಪಿದಾಗ, ಊಟವಾದಾಗ ಗ್ರೂಪಿಗೆ ಮೆಸೇಜ್ ಹಾಕುತ್ತಾರೆ. ಫೋಟೋನೂ ಅವರೇ ತೆಗೆದು ಕಳಿಸುತ್ತಾರೆ. "ಬ್ಯಾಗಲ್ಲೇ ಇಟ್ಟಿರ್ತಾನೆ, ಹೊರಗೆ ತೆಗೆಯಲ್ಲ" ಎಂದು ತಾಯಿಯೊಬ್ಬರು ಹೇಳಿದರು. ಆ ಹುಡುಗನದೂ ಬೆಟ್ಟ ಹತ್ತುವವರೆಗೆ ಬ್ಯಾಗಲ್ಲೇ ಇತ್ತು. ಮಕ್ಕಳ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಹದಿನಾಲ್ಕು ವರ್ಷದ ಮಕ್ಕಳು, ಗೆಳೆಯರು ಕರೆದರೆ ಮರೆತುಬಿಡುತ್ತಾರೆ. ಸುಮ್ನೆ ಹಟ ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಒಂದೇ ಒಂದು ದಿನ. ಆದರೂ ಯಾರಾದರೂ ತಂದರೆ, ಬಸ್ ಹತ್ತುವ ಮುಂಚೆ ತೆಗೆದುಕೊಂಡು ಆಫೀಸಿನಲ್ಲಿ ಇಡುತ್ತೇವೆ, ಸಂಜೆ ನಿಮ್ಮ ಕೈಗೇ ಕೊಡುತ್ತೇವೆ. ಇದರಲ್ಲಿ ಬದಲಾವಣೆ ಇಲ್ಲ.

ಮೇಲೆ ಕೋತಿಗಳ ಕಾಟ ಜಾಸ್ತಿ. ಚಿಪ್ಸ್ ಪ್ಯಾಕೆಟ್ ಬೇಡ, ಡಬ್ಬಿಯಲ್ಲಿ ಚಿತ್ರಾನ್ನವೋ ಮೊಸರನ್ನವೋ ಸಾಕು.

ಒಪ್ಪಿಗೆ ಚೀಟಿಗೆ ಸಹಿ ಹಾಕಿ ಗುರುವಾರದೊಳಗೆ ಕಳಿಸಿಕೊಡಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ