ಗುಡ್ಡ ನೋಡಲು ಬೈಂದೂರಿಗೆ ಯಾಕೆ?

ಒಂಬತ್ತನೇ ತರಗತಿ ಮಕ್ಕಳ ಅಪ್ಪ-ಅವ್ವಂದಿರಿಗೆ ನಮಸ್ಕಾರ.

ಹೋದ ಶನಿವಾರದ ಸಭೆಯಲ್ಲಿ, ಈ ಸಲ ಪ್ರವಾಸಕ್ಕೆ ಉಡುಪಿ ಜಿಲ್ಲೆಯ ಕರಾವಳಿಯ ಬೈಂದೂರಿನ ಒತ್ತಿನೆಣೆ ಗುಡ್ಡ ಎಂದ ಕೂಡಲೇ ಒಬ್ಬರು ಎದ್ದು ಕೇಳಿದರು: "ಸರ, ಗಂಗಾವತಿ ತಾಲೂಕಿನಾಗ ಗುಡ್ಡಕ್ಕೇನು ಬರ ಐತೇನ್ರಿ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಕೇಳಿದ್ದು ಸರಿಯಾಗೇ ಇದೆ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಮತ್ತೆ ಗುಡ್ಡವನ್ನೇ ನೋಡಬೇಕಾ?

ಸಭೆ ಮುಗಿದ ಮೇಲೆ ಗೌಂಡಿ ಕೆಲಸಕ್ಕೆ ಹೋಗುವ ತಾಯಿಯೊಬ್ಬರು ನನ್ನ ಟೇಬಲ್ ಮೇಲಿದ್ದ ಕೆಂಪು ಕಲ್ಲನ್ನು ಎತ್ತಿಕೊಂಡರು. ತಿರುಗಿಸಿ ನೋಡಿ, ತೂತಿನೊಳಗೆ ಬೆರಳು ಹಾಕಿ, "ಒರಲಿ ತಿಂದ ಇಟ್ಟಂಗಿ ಇದ್ದಂಗೈತ್ರಿ" ಎಂದರು. ನಾನು ಅರ್ಧ ಗಂಟೆ ಪಾಠ ಮಾಡಿದರೂ ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ಅದು ಕರಾವಳಿಯ ಮುರಕಲ್ಲು. ನೆಲದೊಳಗೆ ಇರುವಾಗ ಮೆತ್ತಗೆ, ಕಡಿದು ತೆಗೆಯಬಹುದು. ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಆ ಕಡೆ ಮನೆಯ ಗೋಡೆಗಳನ್ನು ಕಟ್ಟುವುದು ಹೆಚ್ಚಾಗಿ ಇದರಲ್ಲೇ.

ನಮ್ಮ ಆನೆಗೊಂದಿ ಸುತ್ತಲಿನ ಬಂಡೆಗಳು ಬೆಂಕಿಯಿಂದ ಹುಟ್ಟಿದವು. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯೊಳಗೆ ಕರಗಿದ್ದದ್ದು ತಣ್ಣಗಾಗಿ ಕಲ್ಲಾಯಿತು. ಒತ್ತಿನೆಣೆಯ ಕೆಂಪು ಕಲ್ಲನ್ನು ಮಾಡಿದ್ದು ಮಳೆ. ಕರಗುವುದನ್ನೆಲ್ಲ ನೀರು ತೊಳೆದುಕೊಂಡು ಹೋಯಿತು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿಯಿತು. ಕಬ್ಬಿಣ ತುಕ್ಕು ಹಿಡಿದದ್ದೇ ಆ ಕೆಂಪು. ನಮಗೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬಂದರೆ ಅದೇ ಪುಣ್ಯ. ಅಲ್ಲಿ 4000 ಮಿಲಿಮೀಟರ್ ಆಸುಪಾಸು. ಪುಸ್ತಕದಲ್ಲಿ ಈ ಅಂಕಿಗಳು ಸುಮ್ನೆ ಕೂತಿರುತ್ತವೆ. ಎರಡು ಕಲ್ಲನ್ನೂ ಮುಟ್ಟಿದ ಹುಡುಗಿಗೆ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಇನ್ನೊಂದು, ಆ ಗುಡ್ಡ ಹೋಗಿ ಮುಗಿಯುವುದು ಸಮುದ್ರದಲ್ಲಿ. ಮೇಲೆ ಅರಣ್ಯ ಇಲಾಖೆಯ ಕ್ಷಿತಿಜ ನೇಸರ ಧಾಮ ಇದೆ. ಕೆಳಗೆ ಸೋಮೇಶ್ವರ ದೇವಸ್ಥಾನ, ಮರಳ ದಂಡೆ, ಕಡಲಿಗೆ ಸೇರುವ ಹೊಳೆ. ಸೂರ್ಯ ಗುಡ್ಡದ ಹಿಂದೆ ಇಳಿಯುವುದನ್ನಷ್ಟೇ ಕಂಡ ನಮ್ಮ ಮಕ್ಕಳು ನೀರಿಗೆ ಇಳಿಯುವುದನ್ನು ನೋಡಲಿ.

ಈಗ ನನ್ನ ಭಯ ಹೇಳುತ್ತೇನೆ. ನಮ್ಮ ಹುಡುಗರು ಅಂಜನಾದ್ರಿಯ 575 ಮೆಟ್ಟಿಲನ್ನು ಓಡಿ ಹತ್ತುವವರು. ಬಂಡೆ ಕಾಲಿಗೆ ಮೋಸ ಮಾಡುವುದಿಲ್ಲ ಎಂಬ ಧೈರ್ಯ ಅವರಿಗೆ. ಅಲ್ಲಿ ಆ ಧೈರ್ಯ ನಡೆಯುವುದಿಲ್ಲ. ಮುರಕಲ್ಲಿನ ಹರಳು ಜೋಳದ ಕಾಳಿನಂತೆ ಕಾಲಡಿ ಉರುಳುತ್ತವೆ. ನಾನೇ ಒಮ್ಮೆ ಬಿದ್ದು ಮೊಣಕೈ ಕೆತ್ತಿಸಿಕೊಂಡಿದ್ದೇನೆ. ಮೇಲೆ ಗಟ್ಟಿ ಕಲ್ಲಿದ್ದರೂ ಅಡಿಯಲ್ಲಿ ಮೆತ್ತನೆಯ ಶೇಡಿ ಮಣ್ಣು. ಹೆದ್ದಾರಿಗಾಗಿ ಕಡಿದ ಕಡೆ ಮಳೆಗಾಲದಲ್ಲಿ ಗುಡ್ಡ ಕುಸಿದದ್ದೂ ಉಂಟು. ಅದಕ್ಕೇ ನಾವು ಹೊರಡುವುದು ಮಳೆಗಾಲ ಕಳೆದ ಮೇಲೆ. ಅಂಚಿನಿಂದ ಹತ್ತು ಹೆಜ್ಜೆ ಈಚೆಗೆ ಹಗ್ಗ ಹಿಡಿದು ಇಬ್ಬರು ಶಿಕ್ಷಕರು ನಿಲ್ಲುತ್ತಾರೆ. ಮೊಬೈಲ್ ಯಾರಿಗೂ ಇಲ್ಲ. ಫೋಟೊ ಟೀಚರೇ ತೆಗೆದು ಗ್ರೂಪಿಗೆ ಹಾಕುತ್ತಾರೆ.

ಮರುದಿನ ಮುರುಡೇಶ್ವರ. ಮೂರು ಕಡೆ ಸಮುದ್ರವಿರುವ ಕಂದುಕಗಿರಿ, 123 ಅಡಿಯ ಶಿವ. ಅದರ ಬಗ್ಗೆ ನಾನು ಹೇಳುವುದು ಬೇಡ, ಮಕ್ಕಳೇ ಬಂದು ಹೇಳುತ್ತಾರೆ.

ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ಕಳಿಸಿ. ಹವಾಯಿ ಚಪ್ಪಲಿ ಬೇಡ, ಶಾಲೆಯ ಬೂಟೇ ಸಾಕು. ಹಣದ ಅಡಚಣೆ ಇದ್ದರೆ ಮಗುವಿನ ಬಾಯಲ್ಲಿ ಹೇಳಿಸಬೇಡಿ, ನೀವೇ ಬನ್ನಿ. ಸಂಜೆ ಐದರ ತನಕ ಇರುತ್ತೇನೆ. ಕಲ್ಲು ಟೇಬಲ್ ಮೇಲೇ ಇದೆ.

ನಿಮ್ಮ,
ಮುಖ್ಯೋಪಾಧ್ಯಾಯ