ಬೇಡ ಅಂದೋರಿಗೆಲ್ಲಾ ಥ್ಯಾಂಕ್ಸ್

ನಮ್ಮ ಫೋಟೋ ಎಕ್ಸಿಬಿಷನ್ ಮುಗೀತು. ಬಂದೋರು, ನೋಡಿದೋರು, ಬೈದೋರು, ಮಳೆ ಬಂತು ಅಂತ ಒಳಗೆ ನುಗ್ಗಿ ಕಾಫಿ ಕುಡ್ದು ಹೋದೋರು, ಎಲ್ರಿಗೂ ಮೊದ್ಲು ಒಂದು ದೊಡ್ಡ ನಮಸ್ಕಾರ. ಸ್ಟೇಜ್ ಮೇಲೆ ವಂದನಾರ್ಪಣೆ ಆಗಿದೆ, ಗಣ್ಯರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲಾ ಆಗಿದೆ, ಅದನ್ನ ಮತ್ತೆ ಇಲ್ಲಿ ಬರಿಯಲ್ಲ. ಇದು ಸ್ಟೇಜ್ ಹತ್ರಕ್ಕೂ ಬರ್ದೇ ಹಿಂದೆ ನಿಂತಿದ್ದೋರಿಗೆ, ಅದ್ರಲ್ಲೂ ಹೆಜ್ಜೆ ಹೆಜ್ಜೆಗೂ "ಅದು ಬೇಡ ಕಣ್ರಪ್ಪ" ಅಂತ ನಮಗೆ ಅಡ್ಡ ಹಾಕಿದೋರಿಗೆ. ಹೆಸ್ರು ಹಾಕ್ಬೇಡಿ ಅಂತ ಸುಮಾರು ಜನ ಹೇಳಿದಾರೆ, ಅದಕ್ಕೆ ಕೆಲಸ ಊರು ಅಷ್ಟೇ ಹೇಳ್ತೀನಿ. ಯಾರು ಅಂತ ಅವರವರಿಗೆ ಗೊತ್ತಾಗತ್ತೆ, ಹಾಸನ ಏನ್ ಅಷ್ಟು ದೊಡ್ಡ ಊರಾ.

ಗೊತ್ತಿಲ್ದೋರಿಗೆ: ನಾವು ಹಾಸನದಲ್ಲಿ ಡಿಗ್ರಿ ಓದ್ತಿರೋ ಹುಡುಗ್ರು ಹುಡ್ಗೀರು, ಆಲೂರು, ಅರಕಲಗೂಡು, ಸಕಲೇಶಪುರ, ಗೊರೂರು ಕಡೆಯಿಂದ ಬರೋರೇ ಜಾಸ್ತಿ. ಕ್ಯಾಮೆರಾ ಇರೋದು ಒಂದಿಬ್ರು ಹತ್ರ, ಉಳಿದೋರದ್ದೆಲ್ಲಾ ಮೊಬೈಲು. ಆಗಸ್ಟ್ 19 ಕ್ಕೆ ಓಪನಿಂಗ್ ಇಟ್ಕೊಂಡ್ವಿ, ಅವತ್ತು ವಿಶ್ವ ಛಾಯಾಗ್ರಹಣ ದಿನ, 1839 ರಲ್ಲಿ ಅದೇ ದಿನ ಫ್ರಾನ್ಸ್ ಸರ್ಕಾರ ಡಾಗೆರೋಟೈಪ್ ಅನ್ನೋ ಫೋಟೋ ತೆಗೆಯೋ ವಿಧಾನನ ಜಗತ್ತಿಗೇ ಬಿಟ್ಕೊಟ್ಟಿದ್ದು, ಯಾರ್ ಬೇಕಾದ್ರೂ ಮಾಡ್ಕೊಳ್ಳಿ ಅಂತ. ಕಾರಣ ಏನೋ ಚೆನ್ನಾಗಿದೆ, ಆದ್ರೆ ಹಾಸನದ ಆಗಸ್ಟ್ ಹೆಂಗಿರತ್ತೆ ಅಂತ ಫ್ರಾನ್ಸ್‌ನೋರಿಗೆ ಏನ್ ಗೊತ್ತು! ಗೋಡೆ ತೇವ, ನೆಲ ತೇವ, ಕೊಡೆ ಹಾಕೋಕೆ ಅಂತಾನೇ ಬಾಗ್ಲಲ್ಲಿ ಒಂದು ನೀರಿನ ಡ್ರಮ್ ಇಡ್ಬೇಕಾಯ್ತು.

ಮೊದಲನೇ ಬೇಡ ನಮ್ಮ ಮೇಡಂದು. ಮೊದ್ಲ ಮೀಟಿಂಗಿಗೆ ಎಲ್ರೂ ಒಬ್ಬೊಬ್ರೂ ತಮ್ಮ ಬೆಸ್ಟ್ ಫೋಟೋ ತನ್ನಿ ಅಂದಿದ್ರು, ತಂದ್ವಿ, ನೋಡಿದ್ರೆ ಅರ್ಧಕ್ಕರ್ಧ ಶೆಟ್ಟಿಹಳ್ಳಿ ಚರ್ಚು. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಲ್ಲಿ ಮುಳುಗಿರೋ ಚರ್ಚು, ಬೇಸಿಗೆಲಿ ನೀರು ಇಳಿದ ಚರ್ಚು, ಸೂರ್ಯ ಮುಳುಗೋವಾಗ ಚರ್ಚು, ಚರ್ಚಿನ ಮುಂದೆ ಫ್ರೆಂಡು. ಉಳಿದಿದ್ರಲ್ಲಿ ಬೇಲೂರು, ಹಳೇಬೀಡು, ಮೇಲಿಂದ ನಕ್ಷತ್ರದ ಥರ ಕಾಣೋ ಮಂಜರಾಬಾದ್ ಕೋಟೆ. ಮೇಡಂ ಎಲ್ಲಾ ನೋಡಿ "ಚೆನ್ನಾಗಿವೆ ಕಣ್ರೋ, ಇವನ್ನ ಇದಕ್ಕಿಂತ ಚೆನ್ನಾಗಿ ತೆಗ್ದೋರು ಬೇಕಾದಷ್ಟು ಜನ ಇದಾರೆ, ಇವು ಬೇಡ, ನಿಮ್ಮ ಮನೆಯಿಂದ ಬಸ್‌ಸ್ಟಾಪ್‌ಗೆ ನಡ್ಕೊಂಡು ಬರೋವಾಗ ಏನ್ ಕಾಣತ್ತೆ ಅದನ್ನ ತನ್ನಿ" ಅಂದ್ರು. ಸಿಟ್ಟು ಬಂದಿತ್ತು ಎಲ್ರಿಗೂ, ಮುಚ್ಚಿಡೋದೇನು. ಬೇಲೂರು, ಹಳೇಬೀಡು 2023 ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ, ಅವನ್ನ ಬಿಟ್ಟು ಬಸ್‌ಸ್ಟಾಪ್ ದಾರಿ ಯಾರ್ ನೋಡ್ತಾರೆ ಅಂತ ಒಬ್ಬ ಜಗಳನೇ ತೆಗ್ದ. ಈಗ ಅವನೇ ಎಲ್ರಿಗಿಂತ ಜಾಸ್ತಿ ಮೇಡಂನ ಹೊಗಳ್ತಿದಾನೆ.

ಎಕ್ಸಿಬಿಷನ್‌ಗೆ ಬಂದೋರು ಜಾಸ್ತಿ ಹೊತ್ತು ನಿಂತಿದ್ದು ಬಿತ್ತನೆ ಆಲೂಗಡ್ಡೆ ಫೋಟೋ ಮುಂದೆ. ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಗೆ ಪಂಜಾಬಿನ ಜಲಂಧರ್‌ನಿಂದ ಲಾರಿ ಲಾರಿ ಬಿತ್ತನೆ ಗಡ್ಡೆ ಬರತ್ತಲ್ಲ, ರೈತರು ಚೀಲ ತಗೊಂಡು ಹೋಗಿ ಹೆಚ್ಚಿ ಹೋಳು ಮಾಡಿ, ಔಷಧಿ ಹಾಕಿ ನೆರಳಲ್ಲಿ ಆರಿಸಿ ಆಮೇಲೆ ನೆಡ್ತಾರೆ. ನಮ್ಮ ಗುಂಪಿನ ಹುಡ್ಗಿ ಒಬ್ಳು ಅವಳ ಊರಲ್ಲಿ ಗಡ್ಡೆ ಹೆಚ್ತಿದ್ದ ಅಕ್ಕನ ಹತ್ರ ಹೋಗಿ ಫೋಟೋ ತೆಗಿಲಾ ಅಂದ್ರೆ "ಈಗ್ಲೇ ಬ್ಯಾಡ, ಕುಂತ್ಕಂಡು ನೀನೂ ನಾಕು ಹೆಚ್ಚು, ಆಮೇಲೆ ತೆಗಿ" ಅಂದ್ರಂತೆ. ಕೂತ್ಕೊಂಡ್ಳು. ಪ್ರತಿ ಹೋಳಲ್ಲೂ ಮೊಳಕೆ ಬರೋ ಕಣ್ಣು ಇರ್ಬೇಕು, ಇಲ್ಲಾಂದ್ರೆ ಅದು ಬಿತ್ತನೆಗೆ ವೇಸ್ಟು. ಇವಳು ಹೆಚ್ಚಿದ್ದನ್ನ ಅಕ್ಕ ಎತ್ಕೊಂಡು ತಿರುಗಿಸಿ ತಿರುಗಿಸಿ ನೋಡಿ "ಇದ್ರಲ್ಲಿ ಕಣ್ಣೆಲ್ಲೈತೆ? ಇದು ಹುಳಿಗೆ ಹಾಕಕ್ಕೆ ಸರಿ" ಅಂತ ಪಕ್ಕಕ್ಕೆ ಎಸೆದ್ರಂತೆ. ಆ ಎಸೆದ ಹೋಳು, ಕುಡುಗೋಲು ಮಣೆ ಥರದ್ದೇನೂ ಇಲ್ದೇ ಬರೀ ಒಂದು ಸಣ್ಣ ಚಾಕು ಹಿಡ್ಕೊಂಡಿರೋ ಕೈ, ಉಗುರು ಸಂದಿಲಿ ಮಣ್ಣು, ಹಿಂದೆ ಹಿಂದಿ ಅಕ್ಷರದ ಚೀಲ, ಅದೇ ಫೋಟೋ. ಮೊದ್ಲೇ ಹೋಗಿ ಟಕ್ ಅಂತ ಹೊಡ್ಕೊಂಡು ಬಂದಿದ್ರೆ ಆ ಕೈ ಖಂಡಿತ ಸಿಗ್ತಿರ್ಲಿಲ್ಲ. ಅಕ್ಕ ಓಪನಿಂಗ್ ದಿನ ಮನೆಯೋರ್ನೆಲ್ಲಾ ಕರ್ಕೊಂಡು ಬಂದಿದ್ರು, ಫೋಟೋ ನೋಡಿ ಮೊದ್ಲು ಅಂದಿದ್ದು "ಚೀಲ ಹರ್ದಿರದ್ನೂ ತೆಗ್ದವ್ಳಲ್ಲ". ಅಕ್ಕ, ನಿಮಗೆ ಮೊದಲ ಥ್ಯಾಂಕ್ಸ್.

ಬೇಲೂರಿಂದು ಒಂದೇ ಒಂದು ಫೋಟೋ ಪಾಸಾಯ್ತು, ಅದೂ ಶಿಲ್ಪದ್ದಲ್ಲ, ನವರಂಗದ ಒಳಗೆ ಕತ್ತಲಲ್ಲಿ ಕಂಬದ ಬುಡ ಒರೆಸ್ತಿರೋರದ್ದು. ಅಲ್ಲಿ ಟ್ರೈಪಾಡ್ ಇಡೋಕೆ ಪುರಾತತ್ವ ಇಲಾಖೆ ಪರ್ಮಿಷನ್ ಬೇಕು, ಹಂಗಾಗಿ ಉಸಿರು ಬಿಗಿ ಹಿಡ್ಕೊಂಡು ಐಎಸ್‌ಓ (ಕಮ್ಮಿ ಬೆಳಕಲ್ಲೂ ಫೋಟೋ ಬರೋಂಗೆ ಮಾಡೋ ಸೆಟ್ಟಿಂಗು) ಏರಿಸಿ ಕೈಯಲ್ಲೇ ತೆಗ್ದಿದ್ದು, ಫೋಟೋ ತುಂಬಾ ಕಾಳು ಕಾಳು. ಅದನ್ನ ಸಾಫ್ಟ್‌ವೇರಲ್ಲಿ ನುಣ್ಣಗೆ ಮಾಡಿ ಪ್ರಿಂಟಿಗೆ ಕೊಟ್ಟಾಗ ಬೇಡ ಅಂದಿದ್ದು ಪ್ರಿಂಟಿಂಗ್ ಅಣ್ಣ. "ಮುಖ ಮೇಣದ ಗೊಂಬೆ ಥರ ಆಗಿದೆ, ಒರಿಜಿನಲ್ ಕೊಡು, ಕಾಳಿರ್ಲಿ ಬಿಡು" ಅಂದ್ರು.

ಈ ಅಣ್ಣನ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು. ಮದುವೆ ಆಲ್ಬಂ ಸೀಸನ್ ಮಧ್ಯೆ ನಮ್ಮ ಕೆಲಸ ತಗೊಂಡಿದ್ರು. ನಾವು ವಾಟ್ಸಾಪಲ್ಲಿ ಕಳ್ಸಿದ್ದ ಫೋಟೋ ಒಂದನ್ನೂ ಮುಟ್ಟಲಿಲ್ಲ, ವಾಟ್ಸಾಪ್ ಸೈಜ್ ಕುಗ್ಗಿಸಿ ಬಿಡತ್ತೆ, 12 ಇಂಚು 18 ಇಂಚು ಪ್ರಿಂಟು 300 ಡಿಪಿಐಲಿ, ಅಂದ್ರೆ ಇಂಚಿಗೆ 300 ಚುಕ್ಕಿ ಲೆಕ್ಕದಲ್ಲಿ ಬರ್ಬೇಕು ಅಂದ್ರೆ 3600 ಇಂಟು 5400 ಪಿಕ್ಸೆಲ್ ಬೇಕು, ಪೆನ್‌ಡ್ರೈವಲ್ಲಿ ತನ್ನಿ ಇಲ್ಲಾ ಡಾಕ್ಯುಮೆಂಟ್ ಅಂತ ಹಾಕಿ ಕಳ್ಸಿ ಅಂದ್ರು. ನಮಗೆಲ್ಲಾ ಗ್ಲಾಸಿ ಪ್ರಿಂಟೇ ಬೇಕಿತ್ತು, ಫಳಫಳ ಅಂತಿರತ್ತಲ್ಲ. ಅಣ್ಣ "ಹಾಲಲ್ಲಿ ಯಾವ ಲೈಟು" ಅಂತ ಕೇಳಿದ್ರು. ಟ್ಯೂಬ್‌ಲೈಟು ಅಂದ್ವಿ. ಅವರು ಏನೂ ಮಾತಾಡ್ದೇ ಒಂದು ಗ್ಲಾಸಿ ಒಂದು ಮ್ಯಾಟ್ ಎರಡೂ ತೆಗ್ದು ಅಂಗಡಿ ಟ್ಯೂಬ್‌ಲೈಟ್ ಕೆಳಗೆ ಗೋಡೆಗೆ ಒರಗಿಸಿಟ್ರು. ಗ್ಲಾಸಿಲಿ ಟ್ಯೂಬ್‌ಲೈಟೇ ಕಾಣ್ತಿತ್ತು, ಫೋಟೋ ಇಲ್ಲ. ಮ್ಯಾಟ್ ಆಯ್ತು, ತೇವಕ್ಕೆ ಸುರುಟ್ಕೊಳ್ದೇ ಇರ್ಲಿ ಅಂತ ಸನ್‌ಬೋರ್ಡ್ ಅನ್ನೋ ಹಗುರ ಹಲಗೆಗೆ ಅಂಟಿಸ್ಕೊಟ್ಟಿದ್ದೂ ಅವರೇ. ದುಡ್ಡು ಎಷ್ಟು ಬಿಟ್ರು ಅಂತ ಹೇಳಿದ್ರೆ ನಾಳೆಯಿಂದ ಎಲ್ರೂ ಅದೇ ರೇಟ್ ಕೇಳ್ತಾರೆ, ಅದಕ್ಕೆ ಹೇಳಲ್ಲ.

ಪಕ್ಕದ ಡಿಟಿಪಿ ಅಂಗಡಿ ಅಕ್ಕಂಗೂ ಅಷ್ಟೇ ಸಲ್ಬೇಕು. ನಾವು ಮೊಬೈಲಲ್ಲಿ ಟೈಪ್ ಮಾಡಿದ್ದ ಕ್ಯಾಪ್ಶನ್ನೆಲ್ಲಾ ಅವರ ಹಳೇ ಪೇಜ್‌ಮೇಕರಿಗೆ ಹಾಕಿದ್ರೆ ಸಾಲು ಸಾಲು ಪ್ರಶ್ನೆ ಚಿಹ್ನೆ. ಅಕ್ಕ ಬೇಜಾರ್ ಮಾಡ್ಕೊಳ್ದೇ ಪೂರ್ತಿ ನುಡಿ ಸಾಫ್ಟ್‌ವೇರಲ್ಲಿ ಹೊಸದಾಗಿ ಟೈಪ್ ಮಾಡಿದ್ರು, ನಮ್ಮ ಕಾಗುಣಿತನೂ ತಿದ್ದಿದ್ರು. ಆಮೇಲೆ ಅವರೇ ಕೇಳಿದ್ದು, ತೆಗ್ದೋರ ಹೆಸ್ರು ಇಷ್ಟು ದಪ್ಪ ಇದೆ, ಫೋಟೋಲಿರೋರ ಹೆಸ್ರು ಯಾಕಿಲ್ಲ ಅಂತ. ಬೇಲೂರಲ್ಲಿ ಮದನಿಕೆ ಶಿಲ್ಪದ ಕೆಳಗೆ ಕೆತ್ತಿದೋರೂ ಹೆಸ್ರು ಹಾಕ್ಕೊಂಡಿದಾರಲ್ಲ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂತ, 1117 ರ ದೇವಸ್ಥಾನ, ನಮ್ದೂ ಇರ್ಲಿ ಅಂತ ನಮ್ಮೋನೊಬ್ಬ ಲಾ ಪಾಯಿಂಟ್ ಹಾಕ್ದ. ಅದಕ್ಕೆ ಅಕ್ಕ "ಮದನಿಕೆ ಮಾತಾಡಲ್ಲ, ಇವರನ್ನ ಕೇಳ್ಬಹುದಲ್ಲ" ಅಂದ್ರು. ಸರಿ, ಒಬ್ಬೊಬ್ರನ್ನೂ ಹೋಗಿ ಕೇಳ್ಕೊಂಡು ಬಂದು, ಒಪ್ಪಿದೋರ ಹೆಸ್ರು ಮೇಲೆ ಹಾಕಿ ನಮ್ಮ ಹೆಸ್ರು ಕೆಳಗೆ ಸಣ್ಣದಾಗಿ ಹಾಕಿದ್ವಿ.

ಇಷ್ಟೆಲ್ಲಾ ಆದ್ಮೇಲೆ ನಮಗೆ ಮಾತು ಕೊಟ್ಟಿದ್ದ ಹಾಲ್‌ನೋರು ಕೊನೇ ವಾರದಲ್ಲಿ ಕೈ ಎತ್ತಿದ್ರು. ಯಾರು, ಯಾಕೆ ಅನ್ನೋದು ಈಗ ಬೇಡ. ಪಾಂಪ್ಲೆಟ್ ಹಂಚಿಯಾಗಿತ್ತು, ಒಂದು ರಾತ್ರಿ ಯಾರೂ ಸರಿಯಾಗಿ ಊಟ ಮಾಡ್ಲಿಲ್ಲ. ಆಗ ಕಲ್ಯಾಣ ಮಂಟಪದ ಓನರ್ ಒಬ್ರು ಅವರ ಊಟದ ಹಾಲ್ ಕೊಟ್ರು, ಶ್ರಾವಣದ ಮುಹೂರ್ತಗಳ ಮಧ್ಯೆ ಸಿಕ್ಕ ಗ್ಯಾಪಲ್ಲಿ. ಷರತ್ತು ಏನಪ್ಪಾ ಅಂದ್ರೆ ಗೋಡೆಗೆ ಒಂದೇ ಒಂದು ಮೊಳೆ ಹೊಡಿಯೋಂಗಿಲ್ಲ, ಟೇಪ್ ಅಂಟಿಸೋಂಗಿಲ್ಲ, ಹೊಸ ಪೇಂಟು. ಹಂಗಾದ್ರೆ ಫೋಟೋ ಎಲ್ಲಿ ಹಾಕೋದು ಸಾರ್ ಅಂದ್ರೆ "ಅದು ನಿಮ್ ತಲೆನೋವು" ಅಂತ ನಕ್ಕೊಂಡು ಕೀ ಕೊಟ್ಟು ಹೋದ್ರು.

ಶಾಮಿಯಾನದ ಅಣ್ಣ ಕಬ್ಬಿಣದ ಪೈಪು, ಬಿಳಿ ಬಟ್ಟೆ ತಂದು ಹಾಲ್ ಒಳಗೇ ಓಣಿ ಥರ ಕಟ್ಕೊಟ್ರು. ಕೆಂಪು ಹಳದಿ ಝಾಲರಿನೂ ತಂದಿದ್ರು, ಅದನ್ನ ಮಾತ್ರ ನಾವೇ ಬೇಡ ಅಂದ್ವಿ, ಪಾಪ ಬೇಜಾರಾಯ್ತು ಅನ್ಸತ್ತೆ. ಫೋಟೋ ನೇತಾಕೋಕೆ ಗೊರೂರಿನ ಹುಡುಗ ಗಾಳದ ದಾರ ತಂದ, ಕಣ್ಣಿಗೆ ಕಾಣಲ್ಲ, ಗಟ್ಟಿ, ಆದ್ರೆ ನೈಲಾನ್ ಗಂಟು ಜಾರತ್ತೆ. ಅವನ ಮಾವ ಮೀನು ಹಿಡಿಯೋರು, ಬಂದು ಗಂಟು ಹೆಂಗೆ ಹಾಕ್ಬೇಕು ಅಂತ ಎಂಜಲು ಹಚ್ಚಿ ಎಳೆದು ತೋರಿಸಿ ಕೊಟ್ರು, ಒಂದು ಫೋಟೋನೂ ಬೀಳ್ಲಿಲ್ಲ. ಗ್ಯಾಲರಿಗಳಲ್ಲಿ ಫೋಟೋ ನಡುಭಾಗ ನೆಲದಿಂದ 57 ರಿಂದ 60 ಇಂಚಿಗೆ ಬರೋಂಗೆ ಹಾಕ್ತಾರೆ ಅಂತ ಮೇಡಂ ಹೇಳಿದ್ರು, ಹಂಗೇ ಅಳೆದು ಹಾಕಿದ್ವಿ. ಹಾಲ್ ಕ್ಲೀನ್ ಮಾಡೋ ಅಜ್ಜಿ ಬಂದು ನಿಂತು ಕತ್ತೆತ್ತಿ ನೋಡಿ "ನನ್ನಂತೋರು ನೋಡದ್ ಬ್ಯಾಡ್ವಾ" ಅಂದ್ರು. ಒಂದು ಸಾಲು ಪೂರ್ತಿ ಕೆಳಗೆ ಇಳಿಸಿದ್ವಿ, ಆಮೇಲೆ ಸ್ಕೂಲ್ ಮಕ್ಕಳು ಮುಗಿಬಿದ್ದಿದ್ದು ಆ ಸಾಲಿಗೇ.

ಕಾಡಾನೆ ಸರಣಿ ಮಾಡಿದ ಹುಡುಗಂಗೆ ಆನೆ ಬೇಕಿತ್ತು. ಸಕಲೇಶಪುರ, ಆಲೂರು ಕಡೆ ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯಿಂದ ಮೊಬೈಲಿಗೆ ಮೆಸೇಜ್ ಬರತ್ತಲ್ಲ, ಜನ ಆ ಕಡೆ ಹೋಗ್ದೇ ಇರ್ಲಿ ಅಂತ ಕಳ್ಸೋದು, ಇವನು ಅದನ್ನ ನೋಡ್ಕೊಂಡು ಅಲ್ಲಿಗೇ ಹೊರಟಿದ್ದ! ಕಾಡಿನ ವಾಚರ್ ಒಬ್ರು ಹಿಡಿದು ನಿಲ್ಸಿ ಕ್ಯಾಮೆರಾ ಬ್ಯಾಗ್ ಸಮೇತ ಬಸ್ ಹತ್ತಿಸಿ ಕಳ್ಸಿದ್ರು. ವಾಚರ್‌ಗೆ ಆ ಹುಡುಗನ ಅಮ್ಮನ ಕಡೆಯಿಂದ ಬೇರೆ ಥ್ಯಾಂಕ್ಸ್ ಇದೆ. ಆ ಸರಣಿಲಿ ಈಗ ಆನೆ ಒಂದೂ ಇಲ್ಲ, ಮುರಿದ ಬೇಲಿ ಇದೆ, ಕಾಫಿ ತೋಟದ ಬಾಗಿದ ಗೇಟಿದೆ, ಹೆಜ್ಜೆ ಗುಂಡಿಲಿ ನೀರು ನಿಂತಿರೋ ಗದ್ದೆ ಇದೆ. ಗದ್ದೆ ಫೋಟೋ ಮುಂದೆ ಒಬ್ರು ಯಜಮಾನ್ರು ತುಂಬಾ ಹೊತ್ತು ನಿಂತಿದ್ರು, ಹೆಂಗಿದೆ ಅಂತ ಕೇಳಿದ್ವಿ. "ಫೋಟೋದಲ್ಲಿ ಚೆನ್ನಾಗ್ ಕಾಣ್ತೈತೆ, ಬೆಳಿಗ್ಗೆ ಎದ್ದು ಗದ್ದೆಗ್ ಹೋದ್ರೆ ಹಿಂಗ್ ಕಾಣಕ್ಕಿಲ್ಲ" ಅಂದ್ರು. ಬೈದಿದ್ದಲ್ಲ, ಹೊಗಳಿದ್ದೂ ಅಲ್ಲ. ಅವರ ಹೆಸ್ರು ಕೇಳೋಷ್ಟರಲ್ಲಿ ಬಸ್ಸಿಗೆ ಲೇಟಾಯ್ತು ಅಂತ ಹೊರಟೇ ಹೋದ್ರು. ಯಜಮಾನ್ರೆ, ಇದನ್ನ ಯಾರಾದ್ರೂ ನಿಮಗೆ ಓದಿ ಹೇಳಿದ್ರೆ, ನಿಮ್ಮ ಜೊತೆ ಒಂದ್ಸಲ ಗದ್ದೆಗೆ ಬರೋ ಆಸೆ ಇದೆ.

ಕಾಮೆಂಟ್ ಬುಕ್ಕಲ್ಲಿ "ಸೂಪರ್", "ಆಲ್ ದಿ ಬೆಸ್ಟ್" ಬರ್ದೋರಿಗೆಲ್ಲಾ ಥ್ಯಾಂಕ್ಸ್. "ಕಾಫಿ ತಣ್ಣಗಿತ್ತು" ಅಂತ ಬರ್ದೋರಿಗೂ ಥ್ಯಾಂಕ್ಸ್, ನಿಜ, ತಣ್ಣಗಿತ್ತು. ಆದ್ರೆ ಒಬ್ರು ಹೆಸ್ರು ಹಾಕ್ದೇ "ಎಲ್ಲಾ ಫೋಟೋಲೂ ಯಾಕೆ ಕಷ್ಟಪಡೋರೇ ಇದಾರೆ, ನಿಮ್ಮ ಮನೇಲಿ ಯಾರೂ ಇಲ್ವಾ?" ಅಂತ ಬರ್ದಿದ್ರು. ಅದನ್ನ ಇಟ್ಕೊಂಡು ಫೋಟೋ ಬಿಚ್ಚೋ ರಾತ್ರಿ ಪೂರ್ತಿ ಜಗಳ. ಒಬ್ಳು ಹೇಳೋದು ನಮ್ಮ ಮನೆಯೋರೇ ಅಲ್ವಾ ಗಡ್ಡೆ ಹೆಚ್ಚೋದು, ಕಾಫಿ ಕೊಯ್ಯೋದು, ಇದು ನಮ್ಮ ಮನೆ ಫೋಟೋನೇ ಅಂತ. ಇನ್ನೊಬ್ಬ ಇಲ್ಲ, ನಗ್ತಾ ಇರೋ ಫೋಟೋ ಎಲ್ಲಾ ಆರಿಸೋವಾಗ ನಾವೇ ಕೈಬಿಟ್ವಿ ಅಂತ. ನನಗನ್ಸೋದು ಇಬ್ರದ್ದೂ ಸರಿ, ಹಾಸನಾಂಬೆ ಬಾಗ್ಲು ತೆಗೆದಾಗ ಕ್ಯೂಲಿ ಬ್ಯಾರಿಕೇಡಿಗೆ ಒರಗಿ ನಿದ್ದೆ ಮಾಡ್ತಿರೋ ಅಮ್ಮನ ಫೋಟೋ ಹಾಕಿದ್ವಿ, ಅದೇ ಅಮ್ಮ ಎಚ್ಚರ ಆಗಿ ಬಿದ್ದು ಬಿದ್ದು ನಕ್ಕಿದ್ದ ಫೋಟೋ ಹಾರ್ಡ್‌ಡಿಸ್ಕಲ್ಲೇ ಉಳೀತು. ಬರ್ದೋರು ದಯವಿಟ್ಟು ಮುಂದಿನ ಸಲ ಮೀಟಿಂಗಿಗೇ ಬನ್ನಿ.

ಇನ್ನು ಬೇಗ ಬೇಗ: ಖಾರ ಬನ್ನು, ಬೆಣ್ಣೆ ಬಿಸ್ಕೆಟ್ ಕೊಟ್ಟ ಬೇಕರಿ ಸಾರ್‌ಗೆ. ಬೆಂಗಳೂರು ತುಂಬಾ ಇರೋ ಅಯ್ಯಂಗಾರ್ ಬೇಕರಿಗಳ ಬೇರು ಹಾಸನ ಜಿಲ್ಲೆಲೇ ಇದೆ, ಗೊತ್ತಿಲ್ದೋರು ತಿಳ್ಕೊಳ್ಳಿ. ರಾತ್ರಿ ಕೆಲಸ ಮುಗಿಯೋವರ್ಗೂ ಕಾದು ಹುಡ್ಗೀರ್ನ ಹಾಸ್ಟೆಲಿಗೆ ಬಿಟ್ಟು ಬಂದ ಆಟೋ ಅಣ್ಣಂಗೆ, ಗೇಟ್ ತೆಗೆದ ವಾರ್ಡನ್ ಮೇಡಂಗೆ. ಫೋನ್ ಮಾಡಿ ಮಾಡಿ "ಊಟ ಆಯ್ತಾ" ಅಂತ ಮಾತ್ರ ಕೇಳಿ, ಇನ್ನೇನೂ ಕೇಳ್ದೇ ಇದ್ದ ಮನೆಯೋರಿಗೆಲ್ಲಾ.

ಫೋಟೋಲಿದ್ದೋರಿಗೆ ಅವರವರ ಪ್ರಿಂಟು ಮನೆಗೇ ತಂದು ಕೊಡ್ತಿದೀವಿ, ಆಲೂರು ಕಡೆ ಮುಗೀತು, ಅರಕಲಗೂಡಿನೋರು ಸ್ವಲ್ಪ ತಡ್ಕೊಳ್ಳಿ. ಆಮೇಲೆ ಒಂದು ಅಲ್ಯುಮಿನಿಯಂ ಏಣಿ ನಮ್ಮ ಹತ್ರನೇ ಉಳ್ಕೊಂಡಿದೆ, ಶಾಮಿಯಾನದ ಅಣ್ಣ ನಂದಲ್ಲ ಅಂತಾರೆ, ಓನರ್ ಸಾರ್ ನಂದೂ ಅಲ್ಲ ಅಂತಾರೆ, ಮೂರನೇ ಮೆಟ್ಟಿಲಿಗೆ ಹಸಿರು ಪೇಂಟ್ ಬಿದ್ದಿದೆ. ಯಾರದ್ದಪ್ಪಾ ಅದು, ಬಂದು ತಗೊಂಡು ಹೋಗಿ, ಕಾಫಿ ಈ ಸಲ ಬಿಸಿಯಾಗೇ ಕೊಡ್ತೀವಿ.