ಕೆಡವುವ ಮುನ್ನ ಗಾರೆ ಬಲ್ಲವರನ್ನು ಒಮ್ಮೆ ಕರೆಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ದೇವರಾಜ ಮಾರುಕಟ್ಟೆ, ಲ್ಯಾನ್ಸ್‌ಡೌನ್ ಕಟ್ಟಡ ಇವೆರಡನ್ನೂ ಉಳಿಸಬೇಕೋ, ಕೆಡವಿ ಹೊಸದಾಗಿ ಕಟ್ಟಬೇಕೋ ಎಂಬ ಮಾತು ಮೈಸೂರಿನಲ್ಲಿ ವರ್ಷಗಳಿಂದ ನಡೆದೇ ಇದೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದವು. 2016ರಲ್ಲಿ ಮಾರುಕಟ್ಟೆಯ ಉತ್ತರ ಬಾಗಿಲು ಬಿತ್ತು. ಆಮೇಲೆ ಹಳೆಯ ಗೋಡೆ ಕಂಡರೆ ಜನ ಹೆದರುವುದು ಸಹಜ. ಆ ಹೆದರಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೂರು ವರ್ಷದಿಂದ ಒಂದು ಹಳೆಯ ಮನೆಯ ಜೊತೆ ಹೆಣಗುತ್ತಿರುವವಳಾಗಿ ನಾನು ಕಣ್ಣಾರೆ ಕಂಡದ್ದನ್ನು ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಅದು ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ತವರುಮನೆ. ನಮ್ಮ ತಾತನ ತಂದೆ ಕಟ್ಟಿಸಿದ ತೊಟ್ಟಿಮನೆ. ಹನ್ನೆರಡು ಕಂಬ, ಎರಡು ಕಡೆ ಜಗುಲಿ, ನಡುವೆ ಮಳೆನೀರು ಬೀಳುವ ತೊಟ್ಟಿ. ಅಪ್ಪ ತೀರಿಕೊಂಡ ಮೇಲೆ ಎಂಟು ವರ್ಷ ಬೀಗ ಹಾಕಿತ್ತು. ಬಿಡಿಸಿ ನಿವೇಶನ ಮಾಡಿ ಹಂಚಿಕೊಳ್ಳೋಣ ಅಂತ ತಮ್ಮ ಹೇಳಿದ. ‘ಅಕ್ಕ, ಈ ಹಳೇ ಗೂಡು ಕಟ್ಕೊಂಡು ಏನ್ ಮಾಡೀಯೆ? ಮಳೆಗಾಲಕ್ಕೆ ಅದೇ ಬಿದ್ದೋಯ್ತದೆ’ ಅಂದ. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಿವೃತ್ತಿಯಾದಾಗ ಬಂದ ಗ್ರಾಚ್ಯುಟಿ ಹಣದಲ್ಲಿ ಅವನ ಪಾಲು ಕೊಟ್ಟು ಮನೆಯನ್ನು ನಾನೇ ಉಳಿಸಿಕೊಂಡೆ.

ಮೊದಲ ಪೆಟ್ಟು ಬಿದ್ದದ್ದು ಸಾಲ ಕೇಳಲು ಹೋದಾಗ. ಒಂದು ಬ್ಯಾಂಕಿನವರು ನೋಡಲು ಒಬ್ಬ ಎಂಜಿನಿಯರನ್ನು ಕಳಿಸಿದರು. ಅವರು ಅಟ್ಟ ಹತ್ತಲಿಲ್ಲ, ತೊಲೆ ತಟ್ಟಿ ನೋಡಲಿಲ್ಲ, ತಳಪಾಯದ ಹತ್ತಿರ ಬಗ್ಗಲೂ ಇಲ್ಲ. ನಡುಮನೆಯಲ್ಲಿ ಉದುರುತ್ತಿದ್ದ ಗೋಡೆಯನ್ನು ಬೆರಳಲ್ಲಿ ಕೆರೆದು ‘ಶಿಥಿಲ’ ಎಂದು ಬರೆದುಕೊಂಡು ಹತ್ತೇ ನಿಮಿಷದಲ್ಲಿ ಹೊರಟರು. ಸಾಲ ಸಿಗಲಿಲ್ಲ. ಆ ಉದುರುವಿಕೆಯ ಕಾರಣ ತಿಳಿದದ್ದು ಆರು ತಿಂಗಳ ಮೇಲೆ.

ಹಳೇ ಸುಣ್ಣದ ಗಾರೆ ಗೊತ್ತಿದ್ದವರನ್ನು ಹುಡುಕಿ ನಾನು ತಿರುಗದ ಊರಿಲ್ಲ. ಶ್ರೀರಂಗಪಟ್ಟಣ, ಮೇಲುಕೋಟೆ, ನಾಗಮಂಗಲ ಎಲ್ಲ ಕಡೆ ಕೇಳಿದೆ. ‘ಗಾರೆ ಕೆಲಸದವರು ಬೇಕು’ ಅಂದರೆ ಬಂದವರೆಲ್ಲ ಸಿಮೆಂಟಿನವರೇ. ಹೆಸರು ಗಾರೆ ಅಂತಲೇ ಉಳಿದಿದೆ, ಕೈಯಲ್ಲಿ ಮಾತ್ರ ಗಾರೆ ಇಲ್ಲ. ಕೊನೆಗೆ ಸಿಕ್ಕವರು ಎಪ್ಪತ್ತು ದಾಟಿದ ಒಬ್ಬ ಅಜ್ಜ. ದೇವಸ್ಥಾನಗಳ ಗೋಪುರ, ಮಠದ ಗೋಡೆ ಅಂತ ಹುಡುಗನಾಗಿದ್ದಾಗಿಂದ ಸುಣ್ಣದಲ್ಲೇ ಕೈ ಬೇಯಿಸಿಕೊಂಡವರು. ಮೊದಲ ದಿನ ಬಂದವರು ಯಾವ ಸಾಮಾನೂ ತರಲಿಲ್ಲ. ಮನೆಯೊಳಗೆ ಸುಮ್ಮನೆ ಒಂದು ಸುತ್ತು ಬಂದು, ನಡುಮನೆ ಗೋಡೆಗೆ ಅಂಗೈ ಒತ್ತಿ ನಿಂತರು. ‘ಇದ್ಕೆ ಸಿಮೆಂಟು ಮೆತ್ತಿದ್ದು ಯಾರು ಮೇಡಮ್ಮೋರೆ?’ ಅಂತ ಕೇಳಿದರು.

ಮೆತ್ತಿಸಿದ್ದು ನಮ್ಮಪ್ಪ. ನನ್ನ ಮದುವೆಗೆ ಮನೆ ಚೆಂದ ಕಾಣಲಿ ಅಂತ. ‘ನೆಲದಿಂದ ನೀರು ಕುಡಿಯೋದು ಮಣ್ಣಿನ ಗೋಡೆ ಗುಣ. ಕುಡಿದದ್ದ ಬೆವರಾಗಿ ಹೊರಕ್ಕೆ ಬಿಡ್ತದೆ. ಸಿಮೆಂಟು ಮೆತ್ತಿ ಬೆವರೋಕೇ ಬಿಡ್ಲಿಲ್ಲ ನೀವು’ ಎಂದರು ಅಜ್ಜ. ಉಳಿಯಲ್ಲಿ ಎರಡು ಏಟು ಕೊಟ್ಟಾಗ ಸಿಮೆಂಟಿನ ಪದರ ಹಪ್ಪಳದ ಹಾಗೆ ಕಿತ್ತುಬಂತು. ಹಿಂದೆ ಬಿಳಿಯ ಉಪ್ಪು, ಒದ್ದೆ ಮಣ್ಣು. ಅದರ ಪಕ್ಕದಲ್ಲೇ, ಯಾರೂ ಕೈಯಾಡಿಸದ ದೇವರಮನೆಯ ಗೋಡೆ ಸುಣ್ಣದ ಗಾರೆಯಲ್ಲಿ ಹಾಗೇ ನಿಂತಿತ್ತು. ಉಗುರು ಊರಿದರೂ ಗೀಟು ಬೀಳದಷ್ಟು ಗಟ್ಟಿ. ಮನೆಯನ್ನು ಶಿಥಿಲ ಮಾಡಿದ್ದು ಅದರ ವಯಸ್ಸಲ್ಲ, ನಾವು ಪ್ರೀತಿಯಿಂದಲೇ ಮಾಡಿಸಿದ ರಿಪೇರಿ. ಇದು ಗೊತ್ತಾದ ದಿನ ನಾನು ಜಗುಲಿಯ ಮೇಲೆ ಕೂತು ಅತ್ತದ್ದು ನಿಜ.

ಆಮೇಲಿನದು ತಾಳ್ಮೆಯ ಕೆಲಸ. ಸುಟ್ಟ ಸುಣ್ಣದ ಕಲ್ಲನ್ನು ತೊಟ್ಟಿಯ ಪಕ್ಕದ ಗುಂಡಿಗೆ ಹಾಕಿ ನೀರು ಬಿಟ್ಟಾಗ ಮೊದಲು ಏನೂ ಆಗುವುದಿಲ್ಲ. ಎಣಿಸಿ ಒಂದು ನಿಮಿಷದಲ್ಲಿ ಚುಯ್ ಅಂತ ಸದ್ದು ಶುರು. ಕಲ್ಲು ಬಿರಿದು, ನೀರು ಅನ್ನದ ಎಸರಿನಂತೆ ಕೊತಕೊತ ಕುದಿಯುತ್ತದೆ. ಹತ್ತಿರ ನಿಂತರೆ ಮುಖಕ್ಕೆ ಹಬೆ ಹೊಡೆಯುತ್ತದೆ. ಅದನ್ನೇ ‘ಸುಣ್ಣ ಅರಳೋದು’ ಅನ್ನುತ್ತಾರೆ. ಎಷ್ಟು ಸರಿಯಾದ ಮಾತು! ಅರಳಿದ ಸುಣ್ಣವನ್ನು ಸೋಸಿ ವಾರಗಟ್ಟಲೆ ನೀರಿನಡಿ ಬಿಟ್ಟರೆ ಬೆಣ್ಣೆಯಾಗುತ್ತದೆ. ಅದಕ್ಕೆ ಮರಳು, ಇಟ್ಟಿಗೆ ಪುಡಿ ಮಾಡಿದ ಸುರ್ಕಿ, ಅಳಲೆಕಾಯಿ ಕೊಳೆಹಾಕಿದ ನೀರು, ಬೆಲ್ಲದ ನೀರು ಸೇರಿಸಿ ಅರೆಯಬೇಕು. ಹಿಂದೆ ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದರಂತೆ. ನಾವು ಒರಳಲ್ಲಿ ಅರೆದೆವು. ಹಚ್ಚಿದ ಮೇಲೆ ದಿನಕ್ಕೆರಡು ಸಲ ನೀರು ಚಿಮುಕಿಸುತ್ತಾ ಕಾಯಬೇಕು. ಸಿಮೆಂಟಿನಂತೆ ಮರುದಿನಕ್ಕೇ ಗಟ್ಟಿಯಾಗುವುದಿಲ್ಲ. ಗಾಳಿ ಕುಡಿದು ಕುಡಿದು ವರ್ಷಗಟ್ಟಲೆ ಗಟ್ಟಿಯಾಗುತ್ತಲೇ ಹೋಗುತ್ತದೆ.

ಇದೆಲ್ಲ ಅಜ್ಜಿಯ ಕಾಲದ ಹುಚ್ಚು ಅನ್ನುವವರಿಗೆ ನಾನು ಕನ್ನಂಬಾಡಿ ಕಟ್ಟೆ, ಅಂದರೆ ಕೃಷ್ಣರಾಜಸಾಗರ ಅಣೆಕಟ್ಟು ತೋರಿಸುತ್ತೇನೆ. 124.80 ಅಡಿ ನೀರು ತುಂಬಿದಾಗ ನಿಮ್ಮ ಪತ್ರಿಕೆಯ ಮುಖಪುಟದಲ್ಲಿ ಚಿತ್ರ ಹಾಕುತ್ತೀರಲ್ಲ, 1911ರಲ್ಲಿ ಕೆಲಸ ಶುರುವಾದ ಆ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಇದೇ ಸುಣ್ಣ, ಸುರ್ಕಿಯ ಗಾರೆ. ಮಂಡ್ಯ ಜಿಲ್ಲೆಯ ನಾಲೆಗಳಿಗೆ ನೀರು ಕೊಡುವ ಗಾರೆಗೆ ಒಂದು ನಡುಮನೆಯ ಗೋಡೆ ನಿಲ್ಲಿಸುವ ಶಕ್ತಿ ಇಲ್ಲವೇ?

ಕಂಬದ ವಿಷಯವನ್ನೂ ಹೇಳಬೇಕು. ಹನ್ನೆರಡರಲ್ಲಿ ಎರಡು ಹೊನ್ನೆ ಕಂಬಗಳ ಬುಡ ಗೆದ್ದಲು ತಿಂದು ಟೊಳ್ಳಾಗಿತ್ತು. ಕಂಬವನ್ನೇ ಬದಲಿಸಿ ಅಂದವರೇ ಹೆಚ್ಚು. ಮರಗೆಲಸ ಮಾಡುವ ನಮ್ಮೂರ ಆಚಾರ್ರು ಒಪ್ಪಲಿಲ್ಲ. ತೊಲೆಗೆ ಜಾಕ್ ಕೊಟ್ಟು ಎತ್ತಿ, ಬುಡದ ಒಂದೂವರೆ ಅಡಿಯಷ್ಟನ್ನೇ ಕುಯ್ದು, ಹಳೇ ಹೊನ್ನೆಯ ತುಂಡಿಗೆ ಕಚ್ಚು ತೆಗೆದು ಬೆಣೆ ಹೊಡೆದು ಕೂಡಿಸಿದರು. ಒಂದೇ ಒಂದು ಮೊಳೆ ಬಳಸಲಿಲ್ಲ. ಜಾಕ್ ಇಳಿಸುವಾಗ ಮನೆಯೆಲ್ಲ ಒಂದು ಸಲ ‘ಕಿರ್ರ್’ ಅಂತು. ಆಚಾರ್ರು ಕಂಬಕ್ಕೆ ಕಿವಿ ಇಟ್ಟು ಕೇಳಿ, ‘ಕೂತ್ಕೊಂಡ್ತು ಬುಡಿ’ ಅಂದರು. ಈಗ ಆ ಕೂಡು ಎಲ್ಲಿದೆ ಅಂತ ತೋರಿಸಿದರೆ ಮಾತ್ರ ಕಾಣುತ್ತದೆ. ನಾನು ಕಸ ಗುಡಿಸುವಾಗಲೆಲ್ಲ ಅಲ್ಲಿ ಒಮ್ಮೆ ಕೈ ಸವರಿ ಮುಂದೆ ಹೋಗುತ್ತೇನೆ.

ಈ ಮೂರು ವರ್ಷದಲ್ಲಿ ನಮ್ಮ ಬೀದಿಯೊಂದರಲ್ಲೇ ನಾಲ್ಕು ತೊಟ್ಟಿಮನೆ ಹೋದವು. ಕಂಬ, ಬಾಗಿಲುವಾಡ, ಬೋದಿಗೆ ಎಲ್ಲ ಲಾರಿ ಹತ್ತಿದವು. ಅವು ಯಾವುದೋ ರೆಸಾರ್ಟಿನ ಊಟದ ಹಾಲ್‌ನಲ್ಲಿ ಏನನ್ನೂ ಹೊರದೆ ಚೆಂದಕ್ಕೆ ನಿಂತಿರುತ್ತವೆ. ನಮ್ಮ ಹೆಂಚಿಗೆ ಬದಲಿ ಹೆಂಚು ಹುಡುಕಿಕೊಂಡು ಹಳೇ ಸಾಮಾನಿನ ಅಂಗಡಿಗೆ ಹೋದಾಗ ಎದುರುಮನೆಯ ಬಾಗಿಲನ್ನು ಅಲ್ಲಿ ಕಂಡೆ. ಚಿಕ್ಕವಳಾಗಿದ್ದಾಗ ಮಜ್ಜಿಗೆ ಕೇಳಲು ತಟ್ಟುತ್ತಿದ್ದ ಬಾಗಿಲು. ಚಿಲಕದ ಹತ್ತಿರ ಬೆಲೆ ಬರೆದ ಚೀಟಿ ಅಂಟಿಸಿದ್ದರು. ಮಾರಿದವರನ್ನು ನಾನು ದೂರುವುದಿಲ್ಲ. ಮಗಳ ಓದು, ಬೋರ್‌ವೆಲ್ ಸಾಲ ಅಂತ ಅವರವರ ಕಷ್ಟ ಅವರವರಿಗೆ. ಆದರೆ ‘ಉಳಿಸಿಕೊಳ್ಳಬಹುದು, ಇಷ್ಟು ಖರ್ಚಾಗುತ್ತದೆ, ಇಂಥವರು ಮಾಡುತ್ತಾರೆ’ ಎಂದು ಹೇಳುವವರು ಒಬ್ಬರೂ ಅವರ ಮನೆಗೆ ಬರಲಿಲ್ಲ. ಬಂದವರು ಜೆಸಿಬಿಯವರು ಮಾತ್ರ.

ಖರ್ಚಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಷ್ಟೇ ಜಾಗಕ್ಕೆ ಹೊಸ ಆರ್‌ಸಿಸಿ ಮನೆಗೆ ಕೊಟ್ಟ ಅಂದಾಜಿಗಿಂತ ನನಗೆ ಕಡಿಮೆಯೇ ಆಗಿದೆ. ಸಮಯ ಮಾತ್ರ ಮೂರುಪಟ್ಟು ಹಿಡಿಯಿತು.

ನನ್ನ ಬೇಡಿಕೆ ದೊಡ್ಡದಲ್ಲ. ಯಾವುದೇ ಹಳೆಯ ಕಟ್ಟಡಕ್ಕೆ, ಅದು ದೇವರಾಜ ಮಾರುಕಟ್ಟೆಯಾಗಲಿ, ಅಗ್ರಹಾರದ ಮೂಲೆಮನೆಯಾಗಲಿ, ‘ಶಿಥಿಲ’ ಎಂದು ಬರೆಯುವ ಮೊದಲು ಸುಣ್ಣ ಮತ್ತು ಮರ ಬಲ್ಲ ಒಬ್ಬರು ಅಟ್ಟ ಹತ್ತಿ, ತೊಲೆ ತಟ್ಟಿ, ಗೋಡೆ ಮುಟ್ಟಿ ನೋಡಲಿ. ನಿಜಕ್ಕೂ ಅಪಾಯವಿದ್ದರೆ ಆ ಭಾಗಕ್ಕೆ ಊರುಗೋಲು ಕೊಟ್ಟು ಜನರನ್ನು ದೂರವಿಡಲಿ. ಬೇಡ ಅನ್ನುವವಳಲ್ಲ ನಾನು. ನಮ್ಮ ಐಟಿಐಗಳಲ್ಲಿ ವೆಲ್ಡಿಂಗ್, ಫಿಟ್ಟರ್ ಕಲಿಸುವಂತೆ ಸುಣ್ಣದ ಗಾರೆಯನ್ನೂ ಕಲಿಸಲಿ. ಅರಮನೆ, ದೇವಸ್ಥಾನ, ನೂರಾರು ಹಳೆಯ ಮನೆಗಳಿರುವ ಮೈಸೂರು, ಮಂಡ್ಯ ಸೀಮೆಯಲ್ಲಿ ಈ ವಿದ್ಯೆ ಕಲಿತವರಿಗೆ ಕೆಲಸಕ್ಕೆ ಬರವಿಲ್ಲ. ಮನೆ ಇರುವವರಿಗೂ ಒಂದು ಮಾತು: ಮಳೆಗಾಲಕ್ಕೆ ಮೊದಲು ಒಡೆದ ಹೆಂಚು ಬದಲಿಸಿ, ಸೂರುನೀರು ಗೋಡೆಬುಡಕ್ಕೆ ಹರಿಯದಂತೆ ನೋಡಿಕೊಳ್ಳಿ. ಸುಣ್ಣದ ಗೋಡೆಗೆ ಸಿಮೆಂಟು ತಾಗಿಸಬೇಡಿ.

ಅಡುಗೆಮನೆಯ ಗೋಡೆ ಇನ್ನೂ ಬಾಕಿ ಇದೆ. ಅಜ್ಜನಿಗೆ ಮಂಡಿನೋವು, ಏಣಿ ಹತ್ತಲಾರರು. ಕೆಳಗೆ ಕುರ್ಚಿ ಹಾಕಿಕೊಂಡು ಕೂತು, ಪಕ್ಕದ ಬೀದಿಯ ಹತ್ತೊಂಬತ್ತು ವರ್ಷದ ಹುಡುಗನೊಬ್ಬನಿಗೆ ಹೇಳಿಕೊಡುತ್ತಿದ್ದಾರೆ. ಸದ್ಯಕ್ಕೆ ಅವರ ಕೈಕೆಳಗೆ ಕಲಿಯುತ್ತಿರುವವನು ಅವನೊಬ್ಬನೇ. ಇನ್ನೂ ಇಬ್ಬರು ಮೂವರಿಗೆ ಹೇಳಿಕೊಡುವ ಉಮೇದು ಅಜ್ಜನಿಗಿದೆ. ಕಲಿಯುವ ಮನಸ್ಸಿರುವ ಹುಡುಗ, ಹುಡುಗಿಯರು ಯಾರಾದರೂ ಇದ್ದರೆ ನಿಮ್ಮ ಕಚೇರಿಗೆ ಒಂದು ಸಾಲು ಬರೆಯಲಿ, ದಯವಿಟ್ಟು ನನಗೆ ತಲುಪಿಸಿ. ಕೂಲಿ, ಮಧ್ಯಾಹ್ನದ ಊಟ ನನ್ನದು.

— ನಿವೃತ್ತ ಶಿಕ್ಷಕಿ, ಸರಸ್ವತಿಪುರಂ, ಮೈಸೂರು